ಹೆಂಚಿನ ಮನೆಗೆ ಕಳ್ಳರ ಅಲಾರಂ: ಆರಿಸಿದ್ದು, ಕೂರಿಸಿದ್ದು, ರಿಪೇರಿ ಮಾಡಿದ್ದು

ನಮ್ಮ ಊರಿನ ಮನೆಗೆ ಮೂರು ಹೊರಬಾಗಿಲು, ಒಂಬತ್ತು ಕಿಟಕಿ, ಸುಮಾರು ನಾಲ್ಕು ಸಾವಿರ ಹೆಂಚು. ಬಾಗಿಲು ಹಲಸಿನ ಮರದ್ದು. ಕಿಟಕಿಗೆ ಕಬ್ಬಿಣದ ಸರಳಿದೆ. ಹೆಂಚಿಗೆ ಮಾತ್ರ ಯಾವ ಕಾವಲೂ ಇಲ್ಲ. ನಾಲ್ಕು ಹೆಂಚು ಸರಿಸಿ ಒಂದು ರೀಪು ಮುರಿದರೆ ಒಬ್ಬ ಮನುಷ್ಯ ಇಳಿಯುವಷ್ಟು ಜಾಗ ಆಗುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಪ್ರತಿಯೊಬ್ಬರಿಗೂ ಇದು ಗೊತ್ತು. ಕಳ್ಳರಿಗೂ ಗೊತ್ತು.

ಊರು ಸಾಗರ ತಾಲ್ಲೂಕಿನದು. ತೋಟದ ಮನೆ. ಹತ್ತಿರದ ಮನೆ ಅಂದರೆ ಚಿಕ್ಕಪ್ಪನ ಮನೆ. ನಡುವೆ ತೋಟ, ಒಂದು ಸಣ್ಣ ಹಳ್ಳ. ಅಳೆದರೆ ಕಾಲು ಕಿಲೋಮೀಟರ್. ಮನೆಯಲ್ಲಿರುವುದು ಅಪ್ಪಯ್ಯ ಮತ್ತು ಅಮ್ಮ ಇಬ್ಬರೇ. ವರ್ಷಕ್ಕೆ ಎರಡು ಸಲ ಅವರು ಬೆಂಗಳೂರಿಗೆ ನಮ್ಮಲ್ಲಿಗೆ ಬಂದಾಗ ಮನೆಗೆ ಬೀಗ.

2024ರ ನವೆಂಬರಿನಲ್ಲಿ ಕೊಯ್ಲು ಶುರುವಾಗುವ ಹೊತ್ತಿಗೆ, ಪಕ್ಕದ ಊರಿನ ಒಂದು ಮನೆಯಲ್ಲಿ ಅಡಿಕೆ ಮೂಟೆ ಕಳುವಾಯಿತು. ಆಗ ರಾಶಿ ಅಡಿಕೆಗೆ ಕ್ವಿಂಟಾಲಿಗೆ 45 ಸಾವಿರದ ಮೇಲೆ ಇತ್ತು. ನಾಲ್ಕು ಮೂಟೆ ಹೋದರೆ ಒಂದು ಲಕ್ಷದ ಮೇಲೆಯೇ ಹೋದಂತೆ. ಅಮ್ಮ ಫೋನಿನಲ್ಲಿ ಹೇಳಿದ್ದು ಮಾತ್ರ ಅಡಿಕೆಯ ವಿಷಯವಲ್ಲ. "ರಾತ್ರಿ ಅಟ್ಟದಲ್ಲಿ ಬೆಕ್ಕು ಓಡಿದರೂ ಎಚ್ಚರ ಆಗ್ತದೆ, ಆಮೇಲೆ ನಿದ್ದೆ ಬರೋದಿಲ್ಲ" ಅಂದಳು. ಆ ವಾರವೇ ನಾನು ಕಾಗದ ಹಿಡಿದು ಕೂತೆ.

ಮೊದಲು ಕಾಗದದ ಮೇಲೆ

ನನ್ನ ಕೆಲಸ ಎಲೆಕ್ಟ್ರಾನಿಕ್ಸ್ ಟೆಸ್ಟಿಂಗ್. ಹಾಗಾಗಿ ಕೈ ಮೊದಲು ಹೋಗಿದ್ದು ಇಎಸ್‌ಪಿ 32 ಅನ್ನುವ, ನಾವೇ ಕೋಡ್ ಬರೆದು ಬಳಸುವ ಸಣ್ಣ ಬೋರ್ಡಿನ ಕಡೆಗೆ. ಸೆನ್ಸರ್ ಜೋಡಿಸಿ, ಹೋಮ್ ಅಸಿಸ್ಟೆಂಟ್ ಅನ್ನುವ ಸಾಫ್ಟ್‌ವೇರ್ ಹಾಕಿ, ಟೆಲಿಗ್ರಾಂನಲ್ಲಿ ಸಂದೇಶ ಬರುವಂತೆ ಮಾಡಬಹುದು. ಎರಡು ಶನಿವಾರದ ಕೆಲಸ. ಆದರೆ ಒಂದು ಪ್ರಶ್ನೆ ಬಿಡಲಿಲ್ಲ: ಜುಲೈ ತಿಂಗಳ ಮಳೆಯಲ್ಲಿ ಇದು ಕೆಟ್ಟರೆ ಅಪ್ಪಯ್ಯ ಯಾರನ್ನು ಕರೆಯಬೇಕು? ನಾನು 350 ಕಿಲೋಮೀಟರ್ ದೂರದಲ್ಲಿರುತ್ತೇನೆ. ಸಾಗರದ ಎಲೆಕ್ಟ್ರಿಷಿಯನ್ ನನ್ನ ಕೋಡ್ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಅವರು ನೋಡಿದ ಕೂಡಲೇ ಅರ್ಥ ಆಗುವ ವಸ್ತು ಬೇಕು. ಅಂಗಡಿಯಲ್ಲಿ ಮತ್ತೊಂದು ಸಿಗುವಂಥದ್ದು ಬೇಕು. ಇಎಸ್‌ಪಿ ಅಲ್ಲಿಗೇ ಬಿಟ್ಟೆ.

ವೈ-ಫೈ ಕ್ಯಾಮರಾ ಹಾಕು ಅಂತ ಎಲ್ಲರೂ ಹೇಳಿದರು. ಕ್ಯಾಮರಾ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅದು ಇಂಟರ್ನೆಟ್ಟನ್ನು ನಂಬಿ ಬದುಕುತ್ತದೆ. ನಮ್ಮಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಇಂಟರ್ನೆಟ್ಟೂ ಹೋಗುತ್ತದೆ, ಏಕೆಂದರೆ ಊರಿಗೆ ಲೈನ್ ಕೊಡುವ ಜಾಗದಲ್ಲೂ ಕರೆಂಟ್ ಇರುವುದಿಲ್ಲ. ನೆಟ್ ಇದ್ದರೂ ರಾತ್ರಿ ಎರಡು ಗಂಟೆಗೆ ನನ್ನ ಫೋನಿಗೆ ಒಂದು ಚಿತ್ರ ಬಂದರೆ ನಾನು ಬೆಂಗಳೂರಿನಿಂದ ಏನು ಮಾಡಲಿ? ನಮಗೆ ಬೇಕಾದದ್ದು ಮನೆಯಲ್ಲಿ ದೊಡ್ಡ ಸದ್ದು ಮತ್ತು ಚಿಕ್ಕಪ್ಪನಿಗೆ ಒಂದು ಕರೆ.

ಮೂರನೆಯದು, ನಾಲ್ಕೈದು ಸಾವಿರಕ್ಕೆ ಸಿಗುವ ವೈರ್‌ಲೆಸ್ ಕಿಟ್. ಒಂದು ಪೆಟ್ಟಿಗೆ, ಎರಡು ಪಿಐಆರ್ (ಓಡಾಟ ಗುರುತಿಸುವ ಸೆನ್ಸರ್), ನಾಲ್ಕು ಬಾಗಿಲ ಸೆನ್ಸರ್, ಎರಡು ರಿಮೋಟ್, ಸಿಮ್ ಹಾಕುವ ಜಾಗ. ಒಂದು ತರಿಸಿ ಬಿಚ್ಚಿ ನೋಡಿದೆ. ಒಳಗೆ 433 ಮೆಗಾಹರ್ಟ್ಸ್ ರೇಡಿಯೋ, ಇವಿ1527 ಅನ್ನುವ ಎನ್‌ಕೋಡರ್ ಚಿಪ್. ಈ ಚಿಪ್‌ಗೆ 20 ಬಿಟ್‌ನ ಒಂದು ಗುರುತು ಇರುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಬೇರೆಬೇರೆ ಗುರುತು ಸಾಧ್ಯ. ಕೇಳಲು ಚೆನ್ನಾಗಿದೆ, ಆದರೆ ಆ ಗುರುತು ಬದಲಾಗುವುದೇ ಇಲ್ಲ. ರಿಮೋಟ್ ಒತ್ತಿದಾಗೆಲ್ಲ ಅದೇ ಸಂಕೇತ. ಒಮ್ಮೆ ಹಿಡಿದಿಟ್ಟುಕೊಂಡವರು ಅದನ್ನೇ ಮತ್ತೆ ಕಳಿಸಿ ಅಲಾರಂ ಆಫ್ ಮಾಡಬಹುದು. ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಈ ಸೆನ್ಸರ್‌ಗಳು ಹೇಳುತ್ತವೆ, ಕೇಳುವುದಿಲ್ಲ. ಪೆಟ್ಟಿಗೆಗೆ ಸಂಕೇತ ತಲುಪಿತೋ ಇಲ್ಲವೋ ಸೆನ್ಸರ್‌ಗೆ ಗೊತ್ತಾಗುವುದಿಲ್ಲ. ಸೆಲ್ ಮುಗಿದು ಸತ್ತ ಸೆನ್ಸರ್ ಮತ್ತು ಸುಮ್ನೆ ಕೂತ ಸೆನ್ಸರ್ ಎರಡೂ ಪೆಟ್ಟಿಗೆಗೆ ಒಂದೇ. ಸತ್ತ ಕಾವಲುಗಾರ ನಿಂತೇ ಇದ್ದಾನೆ ಅಂದುಕೊಂಡು ಮಲಗುವ ಹಾಗೆ. ನಗರದ ಎರಡು ಕೋಣೆಯ ಮನೆಗೆ, ಬಾಡಿಗೆಯಲ್ಲಿರುವವರಿಗೆ, ಏನೂ ಇಲ್ಲದಿರುವುದಕ್ಕಿಂತ ಇದು ಒಳ್ಳೆಯದೇ. ನಮ್ಮ ಮನೆಗೆ ಸಾಲದು.

ಇದರ ಮೇಲಿನ ದರ್ಜೆಯ ವೈರ್‌ಲೆಸ್ ಸೆಟ್‌ಗಳು ಎರಡೂ ಕಡೆ ಮಾತಾಡುತ್ತವೆ. ಸೆನ್ಸರ್ ಆಗಾಗ "ಇದ್ದೇನೆ" ಅಂತ ವರದಿ ಕೊಡುತ್ತದೆ, ಸಂಕೇತವೂ ಗೂಢವಾಗಿರುತ್ತದೆ. ನಿಜಕ್ಕೂ ಒಳ್ಳೆಯ ವಸ್ತುಗಳು. ಆದರೆ ನಮ್ಮ ಮನೆಗೆ ಬೇಕಾದಷ್ಟು ಸೆನ್ಸರ್ ಸೇರಿಸಿದರೆ ಲೆಕ್ಕ 50 ಸಾವಿರ ದಾಟಿತು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ನಾಲ್ಕು ದಾಟಿ ರೇಡಿಯೋ ಹೋಗಬೇಕು. ಹನ್ನೊಂದು ಕಡೆ ಸೆಲ್ ಬದಲಿಸಬೇಕು, ಅದೂ ಏಣಿ ಹತ್ತಿ. 71 ವರ್ಷದ ಅಪ್ಪಯ್ಯನನ್ನು ಏಣಿ ಹತ್ತಿಸುವ ಯಾವ ಯೋಜನೆಯೂ ನನಗೆ ಬೇಡ.

ಕೊನೆಗೆ ಉಳಿದದ್ದು ಹಳೇ ಕಾಲದ ದಾರಿ. ಎಂಟು ಜೋನ್‌ನ (ಎಂಟು ಜಾಗವನ್ನು ಬೇರೆಬೇರೆಯಾಗಿ ಕಾಯುವ) ವೈರ್ಡ್ ಪ್ಯಾನೆಲ್, ಒಳಗೇ ಬ್ಯಾಟರಿ ಚಾರ್ಜರ್, ಗೋಡೆಗೆ ಕೀಪ್ಯಾಡ್, ಎಲ್ಲ ಸೆನ್ಸರ್‌ಗೂ ವೈರ್. ಅಂಗಡಿ, ಬ್ಯಾಂಕು, ಗೋದಾಮುಗಳಲ್ಲಿ ವರ್ಷಗಟ್ಟಲೆ ನಡೆಯುತ್ತಿರುವುದು ಇದೇ. ನಮ್ಮ ಮನೆಯ ತೊಲೆ, ಪಕಾಸುಗಳು ವೈರ್ ಎಳೆಯಲು ಹೇಳಿ ಮಾಡಿಸಿದ ಹಾಗಿವೆ. ಕಾಂಕ್ರೀಟ್ ಮನೆಯವರಿಗೆ ವೈರಿಂಗ್ ಅಂದರೆ ಗೋಡೆ ಒಡೆಯುವ ಚಿಂತೆ. ನಮಗೆ ಅದಿಲ್ಲ.

ಕಳ್ಳ ಎಲ್ಲಿಂದ ಬಂದರೂ ಎಲ್ಲಿಗೆ ಹೋಗಲೇಬೇಕು?

ನಾಲ್ಕು ಸಾವಿರ ಹೆಂಚಿಗೆ ಸೆನ್ಸರ್ ಹಾಕಲು ಆಗುವುದಿಲ್ಲ. ಅಟ್ಟದಲ್ಲಿ ಒಂದು ಪಿಐಆರ್ ಹಾಕಿದರೆ ಆಯಿತು ಅಂತ ಮೊದಲು ಅಂದುಕೊಂಡಿದ್ದೆ. ಅದು ತಪ್ಪು ಲೆಕ್ಕ. ಪಿಐಆರ್ ನೋಡುವುದು ಮನುಷ್ಯನನ್ನಲ್ಲ, ಸುತ್ತಲಿಗಿಂತ ಬೇರೆ ಬಿಸಿ ಇರುವ ಒಂದು ವಸ್ತುವಿನ ಓಡಾಟವನ್ನು. ಅದರ ಮುಂದಿನ ಬಿಳಿ ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಬೀಸಣಿಗೆಯ ಹಾಗೆ ಪಟ್ಟಿ ಪಟ್ಟಿಯಾಗಿ ಹಂಚುತ್ತದೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಬಿಸಿ ದಾಟಿದಾಗ ಒಳಗಿನ ಹರಳು ಕರೆಂಟ್ ಹುಟ್ಟಿಸುತ್ತದೆ. ನಮ್ಮ ಅಟ್ಟದಲ್ಲಿ ಮಧ್ಯಾಹ್ನ ಹೆಂಚು ಕಾದು ಉರಿಯುತ್ತದೆ. ಬೆಕ್ಕಿದೆ, ಇಲಿಯಿದೆ, ಸಂಜೆಗೆ ಬಾವಲಿ. ಅಲ್ಲಿ ಕೂರಿಸಿದ ಪಿಐಆರ್ ದಿನಕ್ಕೆ ಹತ್ತು ಸಲ ಕೂಗುತ್ತದೆ. ಮೂರನೇ ದಿನಕ್ಕೆ ಮನೆಯವರು ಅಲಾರಂ ಆಫ್ ಮಾಡುತ್ತಾರೆ.

ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿದೆ. ಹೆಂಚು ತೆಗೆದು ಅಟ್ಟಕ್ಕೆ ಇಳಿದವನು ಅಲ್ಲೇ ಇರುವುದಿಲ್ಲ. ಕೋಣೆಗಳಿಗೆಲ್ಲ ಮರದ ಮುಚ್ಚಿಗೆ ಇದೆ. ಕೆಳಗೆ ಬರಲು ಅಟ್ಟದ ಮೆಟ್ಟಿಲೊಂದೇ ದಾರಿ. ಮೆಟ್ಟಿಲು ಇಳಿಯುವುದು ನಡುಮನೆಗೆ. ಅಡಿಕೆ ಇಡುವ ಕೋಣೆಯ ಬಾಗಿಲೂ ನಡುಮನೆಗೇ. ಅಂದರೆ ಆ ಮೆಟ್ಟಿಲು, ನಡುಮನೆ, ಅಡಿಕೆ ಕೋಣೆ ಈ ಮೂರನ್ನು ಕಾದರೆ ಹೆಂಚನ್ನು ಕಾದ ಹಾಗೇ.

ಜೋನ್ ಪಟ್ಟಿ ಹೀಗೆ ಬಂತು. ಮುಂಬಾಗಿಲು ಒಂದನೇ ಜೋನ್. ಹಿತ್ತಲ ಬಾಗಿಲು ಎರಡನೆಯದು. ಜಗಲಿ ಪಕ್ಕದ ಕೋಣೆಯ ಬಾಗಿಲು ಮೂರನೆಯದು. ಅಟ್ಟದ ಮೆಟ್ಟಿಲ ಬಾಗಿಲು ಮತ್ತು ಅದರ ಸೆನ್ಸರ್ ನಾಲ್ಕನೆಯದು. ನಡುಮನೆ ಐದನೆಯದು. ಅಡಿಕೆ ಕೋಣೆ ಆರನೆಯದು. ಅಡುಗೆಮನೆಗೆ ಹೋಗುವ ಓಣಿ ಏಳನೆಯದು. ಎಂಟನೆಯದು ಅಮ್ಮನ ಮಂಚದ ಪಕ್ಕ ಒಂದು ಪ್ಯಾನಿಕ್ ಬಟನ್. ಅದು 24 ಗಂಟೆಯ ಜೋನ್. ಅಲಾರಂ ಆನ್ ಇರಲಿ, ಆಫ್ ಇರಲಿ, ಒತ್ತಿದರೆ ಕೂಗುತ್ತದೆ. ಎಂಟರಲ್ಲಿ ಒಂದನ್ನೇ ಇಟ್ಟುಕೊ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಒಳಗಿನ ನಾಲ್ಕು ಕಡೆಗೆ ಬರೀ ಪಿಐಆರ್ ಬದಲು ಡ್ಯುಯಲ್ ಸೆನ್ಸರ್ ತಂದೆ. ಅದರೊಳಗೆ ಪಿಐಆರ್ ಜೊತೆ ಒಂದು ಮೈಕ್ರೋವೇವ್ ರೇಡಾರ್ ಇರುತ್ತದೆ. ಎರಡೂ ಒಟ್ಟಿಗೆ ಹೌದು ಅಂದರೆ ಮಾತ್ರ ಅಲಾರಂ. ಬಿಸಿಲಿನ ಕೋಲು ನೆಲದ ಮೇಲೆ ಸರಿದರೆ ಪಿಐಆರ್ ಮೋಸ ಹೋಗಬಹುದು, ರೇಡಾರ್ ಹೋಗುವುದಿಲ್ಲ. ಫ್ಯಾನಿನ ಗಾಳಿಗೆ ಪರದೆ ಅಲುಗಾಡಿದರೆ ರೇಡಾರ್ ಮೋಸ ಹೋಗಬಹುದು, ಪಿಐಆರ್ ಸುಮ್ಮನಿರುತ್ತದೆ.

ಎಸ್‌ಪಿ ರೋಡ್

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಶನಿವಾರ ಪೂರ್ತಿ ಹೋಯಿತು. ನಾನು ಕೊಟ್ಟ ಬೆಲೆ ಬರೆದಿಡುತ್ತೇನೆ. ಪ್ಯಾನೆಲ್ ಮತ್ತು ಕೀಪ್ಯಾಡ್ 7,200 ರೂಪಾಯಿ. 4ಜಿ ಡಯಲರ್ (ಅಲಾರಂ ಆದಾಗ ಸಿಮ್‌ನಿಂದ ಫೋನ್ ಕರೆ ಮಾಡುವ ಪೆಟ್ಟಿಗೆ) 4,300. ನಾಲ್ಕು ಡ್ಯುಯಲ್ ಸೆನ್ಸರ್ 5,400. ಬಾಗಿಲ ಸೆನ್ಸರ್ ಮತ್ತು ಪ್ಯಾನಿಕ್ ಬಟನ್ 1,650. ಹೊರಗಿನ ಸೈರನ್ 2,100. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ 1,100. ಕೇಬಲ್ 2,400. ಪೈಪು, ಕ್ಲಾಂಪು, ಬೆಂಡು 1,300. ಚಿಲ್ಲರೆ ಸಾಮಾನು 900. ಒಟ್ಟು 26,350.

ಕೇಬಲ್ ವಿಷಯದಲ್ಲಿ ಒಂದು ಮಾತು. ಅಲಾರಂ ವೈರಿಗೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಚೆನ್ನಾಗಿ ಆಗುತ್ತದೆ, ಎಂಟು ಎಳೆ ಸಿಗುತ್ತವೆ. ಆದರೆ ಕಡಿಮೆ ಬೆಲೆಯ ಕೇಬಲ್ ಬಹಳಷ್ಟು ತಾಮ್ರ ಬಳಿದ ಅಲ್ಯೂಮಿನಿಯಂ. ಬ್ಲೇಡಿನಿಂದ ಎಳೆಯನ್ನು ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ ಅನ್ನಿ. ಸ್ಕ್ರೂ ಕೆಳಗೆ ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ತೇವಕ್ಕೆ ಬೇಗ ಹಾಳಾಗುತ್ತದೆ. ಅಂಗಡಿಯವರು ಕೆರೆಯಲು ಬಿಡದಿದ್ದರೆ ಮುಂದಿನ ಅಂಗಡಿಗೆ ಹೋಗಿ.

4ಜಿ ಡಯಲರ್ ಏಕೆ ಅಂದರೆ, ಅಗ್ಗದ ಡಯಲರ್‌ಗಳು ಬಹಳಷ್ಟು 2ಜಿಯವು. ಜಿಯೋಗೆ 2ಜಿ ಇಲ್ಲವೇ ಇಲ್ಲ. ಉಳಿದವರ 2ಜಿ ನಮ್ಮ ಕಣಿವೆಗೆ ಸರಿಯಾಗಿ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಬರುತ್ತದೆ ಅಂತ ಮೊದಲು ನೋಡಿ, ಆಮೇಲೆ ಡಯಲರ್ ಕೊಳ್ಳಿ. ನಮ್ಮಲ್ಲಿ ಸಿಗ್ನಲ್ ಸಿಗುವುದು ಜಗಲಿಯ ದಕ್ಷಿಣ ಮೂಲೆಯಲ್ಲಿ ಮಾತ್ರ. ಹಾಗಾಗಿ ಐದು ಮೀಟರ್ ಕೇಬಲ್ ಇರುವ ಹೊರ ಆಂಟೆನಾ ತೆಗೆದುಕೊಂಡೆ.

ಐದು ದಿನದ ಕೆಲಸ

ಡಿಸೆಂಬರಿನಲ್ಲಿ ರಜೆ ಹಾಕಿ ಹೋದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಮೊದಲ ಎರಡು ದಿನ ಬರೀ ವೈರ್ ಎಳೆದದ್ದು. ಎಲ್ಲ ಕೇಬಲ್ಲೂ ಪಿವಿಸಿ ಪೈಪಿನೊಳಗೆ, ತೊಲೆಯ ಮೇಲ್ಭಾಗದಲ್ಲಿ. ಪೈಪು ಬೇಕೇ ಬೇಕು, ಇಲಿ ಇರುವ ಮನೆಯಲ್ಲಿ ಬರೀ ಕೇಬಲ್ ಒಂದು ವರ್ಷ ಬಾಳುವುದಿಲ್ಲ. ಗೋಡೆ ದಾಟಿಸಲು 18 ಇಂಚಿನ ಡ್ರಿಲ್ ಬಿಟ್ ಬೇಕಾಯಿತು. ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಹಾಗಾಗಿ ಸೆನ್ಸರ್‌ಗಳನ್ನೆಲ್ಲ ಮರದ ಕಂಬ ಮತ್ತು ತೊಲೆಗೆ ಕೂರಿಸಿದೆ. ಎತ್ತರ ಏಳು ಅಡಿ.

ಮೂರನೇ ದಿನ ಬಾಗಿಲುಗಳು. ಬಾಗಿಲ ಸೆನ್ಸರ್ ಅಂದರೆ ರೀಡ್ ಸ್ವಿಚ್. ಗಾಜಿನ ಸಣ್ಣ ಕೊಳವೆಯಲ್ಲಿ ಎರಡು ತೆಳು ಕಬ್ಬಿಣದ ಎಲೆ, ಆಯಸ್ಕಾಂತ ಹತ್ತಿರ ಬಂದರೆ ಒಂದಕ್ಕೊಂದು ಅಂಟುತ್ತವೆ. 1936ರಲ್ಲಿ ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್‌ವುಡ್ ಮಾಡಿದ ವಸ್ತು, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ನನಗೆ ಬಹಳ ಇಷ್ಟದ ಬಿಡಿಭಾಗ ಇದು. ಗಾಳಿ ಹೋಗದಂತೆ ಮುಚ್ಚಿರುವುದರಿಂದ ಮಲೆನಾಡಿನ ತೇವಕ್ಕೂ ಜಗ್ಗುವುದಿಲ್ಲ.

ಆದರೆ ಮಾಮೂಲಿ ರೀಡ್ ಸ್ವಿಚ್‌ಗೆ ಆಯಸ್ಕಾಂತ ಒಂದೂವರೆ, ಎರಡು ಸೆಂಟಿಮೀಟರ್ ಒಳಗೇ ಇರಬೇಕು. ನಮ್ಮ ಮುಂಬಾಗಿಲು ನೂರು ವರ್ಷದ ಹತ್ತಿರದ್ದು. ಅಗುಳಿ ಹಾಕಿದ ಮೇಲೂ ತಳ್ಳಿದರೆ 12 ಮಿಲಿಮೀಟರ್ ಅಲುಗಾಡುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಸಂದು ಇನ್ನೂ ದೊಡ್ಡದಾಗುತ್ತದೆ, ಆಷಾಢದಲ್ಲಿ ಊದಿಕೊಂಡು ಬಾಗಿಲು ಹಾಕಲಿಕ್ಕೇ ಆಗುವುದಿಲ್ಲ. ಅದಕ್ಕೇ ಹೊರಬಾಗಿಲಿಗೆಲ್ಲ ಷಟರ್‌ಗೆ ಬಳಸುವ ಅಗಲ ಸಂದಿನ ಸೆನ್ಸರ್ ಹಾಕಿದೆ. ಅದು ಐದು ಸೆಂಟಿಮೀಟರ್ ತನಕ ತಡೆಯುತ್ತದೆ. ಹಿತ್ತಾಳೆ ಸ್ಕ್ರೂ ಬಳಸಿದೆ. ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ, ಆಯಸ್ಕಾಂತದ ಬಲವನ್ನೂ ಸ್ವಲ್ಪ ಎಳೆದುಕೊಳ್ಳುತ್ತದೆ.

ನಾಲ್ಕನೇ ದಿನ ರೆಸಿಸ್ಟರ್‌ಗಳು, ಅಂದರೆ ಕರೆಂಟ್ ಹರಿವಿಗೆ ಇಂತಿಷ್ಟು ತಡೆ ಕೊಡುವ ಸಣ್ಣ ಬಿಡಿಭಾಗಗಳು. ಇಷ್ಟು ಕೆಲಸದಲ್ಲಿ ಓದುಗರು ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಲಿ. ಬಾಗಿಲು ಮುಚ್ಚಿದಾಗ ಸರ್ಕಿಟ್ ಕೂಡಿರುತ್ತದೆ, ತೆರೆದರೆ ಕಡಿಯುತ್ತದೆ, ಆಗ ಅಲಾರಂ. ಸರಿ. ಆದರೆ ಯಾರೋ ಹಗಲು ಹೊತ್ತಿನಲ್ಲಿ ಎರಡು ವೈರಿನ ಸಿಪ್ಪೆ ಸುಲಿದು ಒಂದಕ್ಕೊಂದು ತಿರುಚಿಟ್ಟರೆ? ಬಾಗಿಲು ತೆರೆದರೂ ಪ್ಯಾನೆಲ್‌ಗೆ ಮುಚ್ಚಿದ ಹಾಗೇ ಕಾಣುತ್ತದೆ. ಇದನ್ನು ತಡೆಯಲು ಲೈನಿನ ಕೊನೆಯಲ್ಲಿ ಒಂದು ರೆಸಿಸ್ಟರ್ ಇಡುತ್ತಾರೆ. ನಾನು ಎರಡು ಇಟ್ಟೆ, ತಲಾ 4.7 ಕಿಲೋ ಓಮ್. ಒಂದು ಲೈನಿನಲ್ಲಿ ಸಾಲಾಗಿ, ಇನ್ನೊಂದು ಸ್ವಿಚ್ಚಿಗೆ ಅಡ್ಡಲಾಗಿ. ಬಾಗಿಲು ಮುಚ್ಚಿದ್ದರೆ ಪ್ಯಾನೆಲ್‌ಗೆ 4.7 ಕಾಣುತ್ತದೆ. ತೆರೆದರೆ 9.4. ವೈರ್ ಕತ್ತರಿಸಿದರೆ ಅನಂತ. ತಿರುಚಿ ಸೇರಿಸಿದರೆ ಸೊನ್ನೆ. ನಾಲ್ಕು ಸ್ಥಿತಿಯೂ ಬೇರೆಬೇರೆ.

ರೆಸಿಸ್ಟರ್ ಇರಬೇಕಾದದ್ದು ಸೆನ್ಸರ್‌ನ ಒಳಗೆ, ಲೈನಿನ ಆ ತುದಿಯಲ್ಲಿ. ನಾನು ನೋಡಿದ ಎಷ್ಟೋ ಕಡೆ ಕೂರಿಸುವವರು ಕೆಲಸ ಬೇಗ ಮುಗಿಯಲಿ ಅಂತ ಪ್ಯಾನೆಲ್ ಪೆಟ್ಟಿಗೆಯೊಳಗೇ ಹಾಕಿ ಹೋಗುತ್ತಾರೆ. ಆಗ ಅದು ಇದ್ದೂ ಇಲ್ಲದ ಹಾಗೆ. ಸೇರಿಸಿದ ವೈರಿಗೂ ಪ್ಯಾನೆಲ್ 4.7 ಅಂತಲೇ ಓದುತ್ತದೆ. ಬೇರೆಯವರಿಂದ ಮಾಡಿಸಿದ್ದರೆ ಒಮ್ಮೆ ಪೆಟ್ಟಿಗೆ ತೆರೆದು ನೋಡಿ. ಜೋನ್ ಸ್ಕ್ರೂಗಳ ಪಕ್ಕ ಸಾಲಾಗಿ ರೆಸಿಸ್ಟರ್ ನೇತಾಡುತ್ತಿದ್ದರೆ ತುದಿಗೆ ವರ್ಗಾಯಿಸಲು ಹೇಳಿ. ಬಳಸದ ಖಾಲಿ ಜೋನಿಗೆ ಮಾತ್ರ ಅಲ್ಲಿ ಹಾಕುವುದು ಸರಿ.

ವೈರಿನ ಉದ್ದ ಇದಕ್ಕೆ ತೊಂದರೆ ಕೊಡುವುದಿಲ್ಲ. 30 ಮೀಟರ್ ಹೋಗಿ ಬರುವ ತಾಮ್ರದ ಎಳೆಗೆ ಐದು ಓಮ್ ಇರಬಹುದು, 4,700ರ ಮುಂದೆ ಅದು ಏನೂ ಅಲ್ಲ. ಸೈರನ್‌ಗೆ ಮಾತ್ರ ಲೆಕ್ಕ ಬೇರೆ. 300 ಮಿಲಿಆಂಪಿಯರ್ ಎಳೆಯುವಾಗ ಅದೇ ಐದು ಓಮ್ ಒಂದೂವರೆ ವೋಲ್ಟ್ ತಿನ್ನುತ್ತದೆ. ಸದ್ದು ಇಳಿಯುತ್ತದೆ. ಅದಕ್ಕೆ ಸೈರನ್ ಲೈನಿಗೆ ಮೂರು ಮೂರು ಎಳೆ ಸೇರಿಸಿದೆ.

ಐದನೇ ದಿನ ಪ್ಯಾನೆಲ್ ಪ್ರೋಗ್ರಾಂ ಮಾಡಿದ್ದು. ಕೈಪಿಡಿಯಲ್ಲಿ ಅಚ್ಚಾಗಿರುವ ಎರಡು ಕೋಡ್ ಇರುತ್ತವೆ, ಮನೆಯವರದ್ದು ಮತ್ತು ಕೂರಿಸುವವರದ್ದು. ಎರಡನ್ನೂ ಬದಲಿಸಿ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ.

ಸದ್ದು ಎಲ್ಲಿಯವರೆಗೆ

ಸೈರನ್ ಮೇಲೆ 110 ಡೆಸಿಬೆಲ್ ಅಂತ ಬರೆದಿದೆ. ಅದು ಒಂದು ಮೀಟರ್ ದೂರದ ಲೆಕ್ಕ. ಬಯಲಿನಲ್ಲಿ ದೂರ ಎರಡು ಪಟ್ಟಾದ ಹಾಗೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಚಿಕ್ಕಪ್ಪನ ಮನೆ 250 ಮೀಟರ್. ಅಷ್ಟರಲ್ಲಿ ಎಂಟು ಸಲ ಇಳಿದು 62 ಉಳಿಯುತ್ತದೆ, ಮಾತಾಡುವ ಸದ್ದಿನಷ್ಟು. ನಡುವಿನ ತೋಟ ಇನ್ನಷ್ಟು ನುಂಗುತ್ತದೆ. ಸಂಜೆ ಏಳಕ್ಕೆ ಪರೀಕ್ಷೆ ಮಾಡಿದಾಗ ಚಿಕ್ಕಪ್ಪನಿಗೆ ಅಂಗಳದಲ್ಲಿ ಕೇಳಿತು, ಬಾಗಿಲು ಹಾಕಿಕೊಂಡು ಒಳಗೆ ಕೂತರೆ ಕೇಳಲಿಲ್ಲ. ಜುಲೈ ಮಳೆಯಲ್ಲಿ ಅಂಗಳದಲ್ಲೂ ಕೇಳುವುದಿಲ್ಲ.

ಸೈರನ್ ಕೆಲಸ ಬಂದವನನ್ನು ಓಡಿಸುವುದು. ಜನ ಕರೆಯುವುದು ಡಯಲರ್ ಕೆಲಸ. ಡಯಲರ್‌ನಲ್ಲಿ ಮೊದಲ ನಂಬರ್ ಚಿಕ್ಕಪ್ಪನದು, ಎರಡನೆಯದು ರಸ್ತೆ ಬದಿಯ ಮನೆಯವರದು, ಮೂರನೆಯದು ನನ್ನದು. ನನ್ನದನ್ನು ಮೊದಲು ಹಾಕಿಕೊಳ್ಳಬೇಕು ಅನ್ನಿಸುತ್ತದೆ, ಸಹಜ. ಆದರೆ ಮೊದಲ ಕರೆ ಹೋಗಬೇಕಾದದ್ದು ಟಾರ್ಚ್ ಹಿಡಿದು ಐದು ನಿಮಿಷದಲ್ಲಿ ಬರುವವರಿಗೆ. 112ಕ್ಕೆ ಕರೆ ಮಾಡುವುದು ನೋಡಿದ ಮನುಷ್ಯರ ಕೆಲಸ, ಯಂತ್ರದ್ದಲ್ಲ. ಮನೆಗೆ ಬೀಗ ಹಾಕಿ ಹೋಗುವಾಗ ಠಾಣೆಗೆ ಒಂದು ಮಾತು ಹೇಳಿ ಹೋಗುವುದನ್ನೂ ಅಪ್ಪಯ್ಯ ರೂಢಿ ಮಾಡಿಕೊಂಡಿದ್ದಾರೆ.

ಸೈರನ್ ಮೂರು ನಿಮಿಷಕ್ಕೆ ತಾನೇ ನಿಲ್ಲುವಂತೆ ಇಟ್ಟಿದ್ದೇನೆ. ಅದರೊಳಗೆ ಅದರದೇ ಸಣ್ಣ ಬ್ಯಾಟರಿ ಇದೆ. ವೈರ್ ಕತ್ತರಿಸಿದರೆ ಅದು ತಾನೇ ಕೂಗಲು ಶುರು ಮಾಡುತ್ತದೆ. ಸೈರನ್ ಕೊಳ್ಳುವಾಗ ಇದೊಂದನ್ನು ಕೇಳಿ ಕೊಳ್ಳಿ.

ಕರೆಂಟ್ ಲೆಕ್ಕ

ಪ್ಯಾನೆಲ್, ಕೀಪ್ಯಾಡ್, ಡಯಲರ್, ನಾಲ್ಕು ಸೆನ್ಸರ್ ಎಲ್ಲ ಸೇರಿ ಮೀಟರಿನಲ್ಲಿ 270 ಮಿಲಿಆಂಪಿಯರ್ ತೋರಿಸಿತು. 7 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ 26 ಗಂಟೆ ಬರಬೇಕು. ಮೇನ್ ತೆಗೆದು ನೋಡಿದೆ, 20 ಗಂಟೆಗೆ ಲೋ ಬ್ಯಾಟರಿ ಅಂದಿತು. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ. ದೊಡ್ಡ ಬ್ಯಾಟರಿ ಹಾಕೋಣ ಅಂದರೆ ಪ್ಯಾನೆಲ್‌ನ ಚಾರ್ಜರ್ ಸಣ್ಣದು, ಅದನ್ನು ತುಂಬಿಸಲು ದಿನಗಟ್ಟಲೆ ಬೇಕು. ಮನೆಯಲ್ಲಿ ದೀಪಕ್ಕೆ ಇನ್ವರ್ಟರ್ ಹೇಗೂ ಇದೆ. ಪ್ಯಾನೆಲ್‌ನ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಕೊಟ್ಟೆ. ಇನ್ವರ್ಟರ್ ಸತ್ತ ಮೇಲೆ ಅದರ ಸ್ವಂತ ಬ್ಯಾಟರಿ ಶುರುವಾಗುತ್ತದೆ.

ಅಮ್ಮನ ಬೆಳಗು

ಅಲಾರಂ ಶುರು ಮಾಡಿದ ಮೂರನೇ ದಿನ ಬೆಳಿಗ್ಗೆ ನಾಲ್ಕೂವರೆಗೆ ಸೈರನ್ ಕೂಗಿತು. ಕಳ್ಳ ಅಲ್ಲ, ಅಮ್ಮ. ಎದ್ದು ಹಿತ್ತಲ ಬಾಗಿಲು ತೆರೆದು ಕೊಟ್ಟಿಗೆಗೆ ಹೊರಟಿದ್ದಳು. ರಾತ್ರಿಯ ಕಾವಲಿನಲ್ಲಿ ಹಿತ್ತಲ ಬಾಗಿಲೂ ಸೇರಿತ್ತು. ಕೀಪ್ಯಾಡ್ ಇದ್ದದ್ದು ಮುಂಬಾಗಿಲ ಹತ್ತಿರ.

"ಇದು ನನ್ನನ್ನು ಕಾಯೋದಕ್ಕೋ, ನನ್ನ ಮೇಲೆ ಕಾವಲು ಹಾಕೋದಕ್ಕೋ?" ಅಂತ ಕೇಳಿದಳು. ನಾನು ನಕ್ಷೆ ಬರೆಯುವಾಗ ಕಳ್ಳನ ದಾರಿ ಹಾಕಿದ್ದೆ, ಅಮ್ಮನ ದಾರಿ ಹಾಕಿರಲಿಲ್ಲ. ಅವತ್ತು ಅವಳ ಜೊತೆ ಕೂತು ದಿನಚರಿ ಬರೆದುಕೊಂಡೆ. ಎಷ್ಟಕ್ಕೆ ಏಳುವುದು, ಯಾವ ಬಾಗಿಲು, ರಾತ್ರಿ ಬಚ್ಚಲಿಗೆ ಯಾವ ಕಡೆಯಿಂದ. ಈ ಪಟ್ಟಿ ಸೆನ್ಸರ್ ಆರಿಸುವುದಕ್ಕಿಂತ ಮುಂಚೆ ಮಾಡಬೇಕಾದದ್ದು.

ಆಮೇಲೆ ಮಾಡಿದ್ದು ಹೀಗೆ. ರಾತ್ರಿ ಮನೆಯಲ್ಲಿ ಜನ ಇರುವಾಗ ನಡುಮನೆ ಮತ್ತು ಓಣಿಯ ಸೆನ್ಸರ್ ಮಲಗಿರುತ್ತವೆ. ಅಡಿಕೆ ಕೋಣೆ, ಅಟ್ಟದ ಮೆಟ್ಟಿಲು, ಹೊರಬಾಗಿಲುಗಳು ಎಚ್ಚರ. ಅಮ್ಮನ ಮಂಚದ ಹತ್ತಿರ ಗೋಡೆ ಬೀರುವಿನೊಳಗೆ ಒಂದು ಬೀಗದ ಕೈ ಸ್ವಿಚ್ ಹಾಕಿಕೊಟ್ಟೆ. ಎದ್ದವಳು ಕೀ ತಿರುಗಿಸಿದರೆ ಇಡೀ ಅಲಾರಂ ಆಫ್. ನಂಬರ್ ನೆನಪಿಡುವ ಕಷ್ಟವಿಲ್ಲ, ಕತ್ತಲಲ್ಲೂ ಕೈಗೆ ಸಿಗುತ್ತದೆ.

ಒಂದು ವರ್ಷದ ರಿಪೇರಿ

ಜನವರಿ. ಅಡಿಕೆ ಕೋಣೆಯ ಸೆನ್ಸರ್‌ನಲ್ಲಿ ರೇಡಾರ್ ದೀಪ ಸುಮ್ನೆ ಸುಮ್ನೆ ಹತ್ತುತ್ತಿತ್ತು. ಮೈಕ್ರೋವೇವ್ ಮರದ ಹಲಗೆ ದಾಟಿ ಹೋಗುತ್ತದೆ. ಜಗಲಿಯಲ್ಲಿ ಓಡಾಡುವವರನ್ನು ಅದು ಗೋಡೆಯಾಚೆಯಿಂದ ನೋಡುತ್ತಿತ್ತು. ಒಳಗಿನ ಸಣ್ಣ ತಿರುಪು ತಿರುಗಿಸಿ ಅದರ ದೂರ ಕಡಿಮೆ ಮಾಡಿದೆ.

ಮಾರ್ಚ್. ರಾತ್ರಿ ಹನ್ನೊಂದಕ್ಕೆ ನಾಲ್ಕನೇ ಜೋನ್ ಅಲಾರಂ, ಎರಡು ದಿನ ಸಾಲಾಗಿ. ಮೆಟ್ಟಿಲ ಸೆನ್ಸರ್ ಬಿಚ್ಚಿದರೆ ಒಳಗೆ ಹಲ್ಲಿ, ಜೊತೆಗೆ ಎರಡು ಮೊಟ್ಟೆ. ಕೇಬಲ್ ಬರುವ ತೂತಿನಿಂದ ಒಳಗೆ ಸೇರಿತ್ತು. ಹೊರಗಡೆ ಲೆನ್ಸ್ ಮೇಲೆ ಹಲ್ಲಿ ಹರಿದಾಡಿದರೂ ಪಿಐಆರ್‌ಗೆ ಅದು ಆನೆಯಷ್ಟು ದೊಡ್ಡದು. ಎಲ್ಲ ಸೆನ್ಸರ್‌ನ ತೂತಿಗೂ ಸಿಲಿಕೋನ್ ಹಾಕಿ ಮುಚ್ಚಿದೆ. ಇದನ್ನು ಕೂರಿಸುವ ದಿನವೇ ಮಾಡಬೇಕು.

ಏಪ್ರಿಲ್. ಮಧ್ಯಾಹ್ನ ಎರಡಕ್ಕೆ ನಡುಮನೆ 35 ಡಿಗ್ರಿ. ಮೈಯ ಬಿಸಿ ಮತ್ತು ಗೋಡೆಯ ಬಿಸಿ ಹತ್ತಿರ ಹತ್ತಿರ ಆದರೆ ಪಿಐಆರ್‌ಗೆ ಮನುಷ್ಯ ಮಸುಕಾಗುತ್ತಾನೆ. ನಡೆದು ನೋಡಿದೆ. ಸೆನ್ಸರ್ ಕಡೆಗೆ ನೇರ ನಡೆದರೆ ಆರು ಹೆಜ್ಜೆ ಹಾಕಿದರೂ ಅದು ಗಮನಿಸಲಿಲ್ಲ. ಅಡ್ಡಲಾಗಿ ನಡೆದರೆ ಎರಡನೇ ಹೆಜ್ಜೆಗೆ ಹಿಡಿಯಿತು. ಸೆನ್ಸರನ್ನು ಎದುರು ಕಂಬದಿಂದ ಪಕ್ಕದ ಕಂಬಕ್ಕೆ ಬದಲಿಸಿದೆ. ಈಗ ಮೆಟ್ಟಿಲಿನಿಂದ ಅಡಿಕೆ ಕೋಣೆಗೆ ಹೋಗುವವರು ಅದರ ಮುಂದೆ ಅಡ್ಡಲಾಗಿಯೇ ಹಾಯಬೇಕು.

ಮೇ ತಿಂಗಳ ಮೊದಲ ಗುಡುಗು ಮಳೆ ನನಗೆ ಜಾಸ್ತಿ ಕಲಿಸಿತು. ಕೊಟ್ಟಿಗೆ ಬಾಗಿಲಿಗೂ ಇರಲಿ ಅಂತ ಅಂಗಳ ದಾಟಿಸಿ ಒಂದು ವೈರ್ ಎಳೆದು ಮೂರನೇ ಜೋನಿಗೆ ಸೇರಿಸಿದ್ದೆ. ಸಿಡಿಲು ಹತ್ತಿರದ ತೆಂಗಿನ ಮರಕ್ಕೆ ಬಡಿಯಿತು. ಉದ್ದದ ವೈರ್ ಆಂಟೆನಾದ ಹಾಗೆ ಅದನ್ನು ಹಿಡಿದು ಒಳಗೆ ತಂದಿತು. ಮೂರನೇ ಜೋನಿನ ಇನ್‌ಪುಟ್ ಸುಟ್ಟಿತು, ಓಣಿಯ ಸೆನ್ಸರ್ ಹೋಯಿತು. ಸಾಗರದ ಎಲೆಕ್ಟ್ರಿಷಿಯನ್ ಬಂದು ಜಗಲಿ ಕೋಣೆಯ ಬಾಗಿಲನ್ನು ಮುಂಬಾಗಿಲ ಜೋನಿಗೇ ಸಾಲಾಗಿ ಸೇರಿಸಿ, ಸುಟ್ಟ ಜೋನನ್ನು ಪ್ರೋಗ್ರಾಂನಲ್ಲಿ ಮುಚ್ಚಿ, ಹೊಸ ಸೆನ್ಸರ್ ಹಾಕಿ ಹೋದರು. ನಾನು ಬೆಂಗಳೂರಿನಲ್ಲೇ ಇದ್ದೆ, ಫೋನಿನಲ್ಲಿ ಕೈಪಿಡಿಯ ಪುಟ ಹೇಳಿದ್ದಷ್ಟೇ. ಸಿದ್ಧ ಪ್ಯಾನೆಲ್ ಆರಿಸಿದ್ದಕ್ಕೆ ಅವತ್ತು ಸಮಾಧಾನ ಆಯಿತು.

ಆಮೇಲೆ ಹೋದಾಗ ಅಂಗಳದ ವೈರ್ ಕಿತ್ತು ಹಾಕಿದೆ. ಮನೆಯಿಂದ ಹೊರಗೆ ಒಂದು ಅಡಿ ವೈರೂ ಹೋಗಬಾರದು. ಕೊಟ್ಟಿಗೆಗೆ ಎರಡೂ ಕಡೆ ಮಾತಾಡುವ ಒಂದು ವೈರ್‌ಲೆಸ್ ಸೆನ್ಸರ್ ಮತ್ತು ಅದರ ರಿಸೀವರ್ ಹಾಕಿದೆ, ರೇಡಿಯೋ ಸಿಡಿಲನ್ನು ಒಳಗೆ ತರುವುದಿಲ್ಲ. ಮೇನ್ ಲೈನಿಗೆ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ) ಕೂರಿಸಿ, ಅರ್ಥಿಂಗ್ ಗುಂಡಿ ಬಿಚ್ಚಿ ತುಕ್ಕು ಹಿಡಿದ ಕ್ಲಾಂಪ್ ಬದಲಿಸಿದೆ. ಪ್ರತಿ ಸೆನ್ಸರ್‌ನ 12 ವೋಲ್ಟ್ ಲೈನಿಗೂ ಬೇರೆಬೇರೆ ಫ್ಯೂಸ್ ಹಾಕಿದೆ. ಒಂದು ಶಾರ್ಟ್ ಆದರೆ ಉಳಿದವು ಉಳಿಯಲಿ ಅಂತ.

ಅಕ್ಟೋಬರಿನಲ್ಲಿ ಆರನೇ ಜೋನ್ ಟ್ಯಾಂಪರ್. ಕಳ್ಳ ವೈರ್ ಕತ್ತರಿಸಿದಾಗ ಬರುವ ಸೂಚನೆ ಅದು. ಅಪ್ಪಯ್ಯ ಟಾರ್ಚ್ ಹಿಡಿದು ಹುಡುಕಿದಾಗ ಅಡಿಕೆ ಕೋಣೆಯ ಮೂಲೆಯಲ್ಲಿ ಪೈಪಿನ ಬೆಂಡು ಬಿಟ್ಟುಹೋಗಿತ್ತು. ಆ ಎರಡು ಇಂಚು ಜಾಗದಲ್ಲೇ ಇಲಿ ಕಡಿದಿತ್ತು. ರೆಸಿಸ್ಟರ್ ತುದಿಯಲ್ಲಿ ಇದ್ದದ್ದಕ್ಕೇ ಇದು ಓಡಾಟವಲ್ಲ, ವೈರ್ ಕಡಿದದ್ದು ಅಂತ ಗೊತ್ತಾದದ್ದು.

ಸಿಮ್ ಬಗ್ಗೆ ಒಂದು ಸಾಲು. ಪ್ರಿಪೇಯ್ಡ್ ಸಿಮ್ ಮೂರು ತಿಂಗಳು ಬಳಸದೆ ಬಿಟ್ಟರೆ ನಂಬರೇ ಹೋಗುವ ಅಪಾಯ ಇದೆ. ಡಯಲರ್ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನನಗೆ ಒಂದು ಪರೀಕ್ಷೆ ಕರೆ ಮಾಡುತ್ತದೆ. ಕರೆ ಬಾರದಿದ್ದರೆ ನಾನು ಅಮ್ಮನಿಗೆ ಮಾಡುತ್ತೇನೆ.

ಅಪ್ಪಯ್ಯ ಈಗ ಪ್ರತಿ ಅಮಾವಾಸ್ಯೆ ದಿನ ಒಂದೊಂದು ಬಾಗಿಲು ತೆರೆದು, ಒಂದೊಂದು ಸೆನ್ಸರ್ ಮುಂದೆ ನಡೆದು, ಕೀಪ್ಯಾಡ್‌ನಲ್ಲಿ ನಂಬರ್ ಬಂತಾ ನೋಡುತ್ತಾರೆ. ಅಡಿಕೆ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ತಾರೀಖು ಹಾಕಿ ಟಿಕ್ ಮಾಡುತ್ತಾರೆ. ಹೋದ ತಿಂಗಳು ಆ ಪುಟದಲ್ಲಿ ಕೊಟ್ಟಿಗೆ ಸೆನ್ಸರ್‌ನ ಹೆಸರಿನ ಮುಂದೆ "ನಿಧಾನ" ಅಂತ ಬರೆದಿದ್ದರು. ಸೆಲ್ ಇಳಿದಿರಬೇಕು. ಸಿಆರ್123 ಎರಡು ತಂದಿಟ್ಟಿದ್ದೇನೆ, ಈ ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ.